ಮಂಗನ ಪಂಜ: ಭಯದ ಕಥೆ ಓದುವವರಿಗೆ

ದೆವ್ವದ ಕಥೆ ಎಂದ ಕೂಡಲೇ ದೇವದುರ್ಗ, ಮಾನ್ವಿ ಕಡೆಯವರ ಕಣ್ಣಿಗೆ ಹಾಳುಬಿದ್ದ ಕೋಟೆ, ಹುಣಸೆಮರ, ಅಮಾವಾಸ್ಯೆ ಕಟ್ಟುತ್ತವೆ. ಇಂಗ್ಲಿಷಿನಲ್ಲಿ ಗೋಥಿಕ್ ಎಂದು ಹೆಸರಾದ ಪ್ರಕಾರವೂ ಹಾಗೆಯೇ ಹುಟ್ಟಿತು. ಹೊರೇಸ್ ವಾಲ್ಪೋಲ್ 1764ರಲ್ಲಿ ಹೊರತಂದ 'ದ ಕ್ಯಾಸಲ್ ಆಫ್ ಒಟ್ರಾಂಟೊ'ದಲ್ಲಿ ಕೋಟೆಯದೇ ಕಾರುಬಾರು. ಎಡ್ಗರ್ ಅಲನ್ ಪೋ 1839ರಲ್ಲಿ ಬರೆದ ಅಷರ್ ಮನೆತನದ ಕಥೆಯಲ್ಲಿ ಮನೆಯೇ ಸೀಳಿ ಕೊಳದೊಳಗೆ ಕುಸಿಯುತ್ತದೆ. ಎರಡೂ ದೊಡ್ಡ ಕೃತಿಗಳೇ. ಆದರೆ ಹೊಸ ಓದುಗರ ಕೈಗೆ ನಾನು ಮೊದಲು ಕೊಡುವುದು ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ 1902ರಲ್ಲಿ ಪ್ರಕಟಿಸಿದ 'ದ ಮಂಕೀಸ್ ಪಾ', ಅಂದರೆ ಮಂಗನ ಪಂಜದ ಕಥೆ. ಅದರಲ್ಲಿ ಕೋಟೆಯಿಲ್ಲ. ಸಾಲ ತೀರದ ಒಂದು ಸಾಧಾರಣ ಮನೆ, ಅಪ್ಪ, ಅವ್ವ, ದುಡಿಯುವ ಮಗ, ಅಷ್ಟೆ. ಓದಿರದಿದ್ದರೆ ಮೊದಲು ಅದನ್ನು ಓದಿ ಬನ್ನಿ. ಮುಂದೆ ನಾನು ಗುಟ್ಟು ಕಾಯುವುದಿಲ್ಲ.

ಭಾರತದಲ್ಲಿ ಇಪ್ಪತ್ತೊಂದು ವರ್ಷ ಇದ್ದು ಬಂದ ಸೈನಿಕನೊಬ್ಬ ಮಳೆಯ ರಾತ್ರಿ ಆ ಮನೆಗೆ ಬರುತ್ತಾನೆ. ಅವನ ಜೇಬಿನಲ್ಲಿ ಒಣಗಿದ ಮಂಗನ ಪಂಜ. ಒಬ್ಬ ಫಕೀರ ಅದಕ್ಕೆ ಮಂತ್ರ ಹಾಕಿದ್ದಾನೆ: ಮೂರು ಮಂದಿ, ತಲಾ ಮೂರು ಕೋರಿಕೆ. ಅಪ್ಪ ಇನ್ನೂರು ಪೌಂಡ್ ಕೇಳುತ್ತಾನೆ. ಮರುದಿನ ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಕಂಪನಿ ಕೊಡುವ ಹಣ ಇನ್ನೂರು ಪೌಂಡ್. ಮಣ್ಣು ಮಾಡಿ ದಿನಗಳಾದ ಮೇಲೆ ಅವ್ವನ ಹಟಕ್ಕೆ ಎರಡನೆಯ ಕೋರಿಕೆ: ಮಗ ಬದುಕಿ ಬರಲಿ. ರಾತ್ರಿ ಬಾಗಿಲು ಬಡಿದ ಸದ್ದು. ಅವ್ವ ಮೇಲಿನ ಅಗುಳಿಗೆ ಕೈ ಚಾಚುವಷ್ಟರಲ್ಲಿ ಅಪ್ಪ ಮೂರನೆಯದನ್ನು ಕೇಳಿಬಿಡುತ್ತಾನೆ.

ಇದನ್ನು ಓದಿದ ಹೆಚ್ಚಿನವರು 'ಅತಿಯಾಸೆ ಗತಿಗೇಡು' ಎಂದು ಪುಸ್ತಕ ಮುಚ್ಚುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಆ ಅಪ್ಪ ಆಸೆಬುರುಕನಲ್ಲ. ಏನು ಕೇಳಬೇಕೆಂದೇ ಅವನಿಗೆ ತೋಚುವುದಿಲ್ಲ, ಬೇಕಾದದ್ದೆಲ್ಲ ಇದೆ ಎನ್ನುತ್ತಾನೆ. ಮನೆಯ ಸಾಲ ತೀರುವಷ್ಟು ಕೇಳು ಎಂದು ನಗೆಯಾಡುತ್ತ ಹೇಳಿಕೊಡುವವನು ಮಗನೇ. ಅವ್ವ ಕೇಳಿದ್ದಂತೂ ಹೆತ್ತ ಯಾರಾದರೂ ಕೇಳುವಂಥದ್ದು. ದುರಾಸೆಯವನಿಗೆ ಶಿಕ್ಷೆಯಾದರೆ ಓದುಗನಿಗೆ ಸಮಾಧಾನ, ತಾನು ಹಾಗಲ್ಲವಲ್ಲ ಎಂದು. ಇಲ್ಲಿ ಆ ಸಮಾಧಾನವನ್ನೂ ಕಿತ್ತುಕೊಂಡಿದ್ದಾರೆ. ತಪ್ಪೇ ಮಾಡದವರ ಮನೆಗೆ ಇದು ಬಂತು ಎಂಬುದೇ ಭಯ.

ಎರಡನೆಯ ಸಲ ಓದುವಾಗ ಹಣದ ಮೇಲೆ ಕಣ್ಣಿಡಿ. ಇಂಗ್ಲೆಂಡಿನಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂದದ್ದು 1897ರಲ್ಲಿ. ಕೆಲಸದಲ್ಲಿ ಸತ್ತವನನ್ನೇ ನೆಚ್ಚಿದ್ದ ಕುಟುಂಬಕ್ಕೆ ಮೂರು ವರ್ಷದ ಕೂಲಿ ಅಥವಾ 150 ಪೌಂಡ್, ಯಾವುದು ಹೆಚ್ಚೋ ಅದು, 300 ದಾಟುವಂತಿಲ್ಲ. ಇನ್ನೂರು ಎಂಬುದು ಇವೆರಡರ ನಡುವೆ ಬರುವ, ಅಂದಿನ ಓದುಗರು ಪತ್ರಿಕೆಯಲ್ಲಿ ಕಂಡಿರಬಹುದಾದ ಮೊತ್ತ. ಕಂಪನಿಯ ಮನುಷ್ಯ ಮೂರು ಸಲ ಗೇಟಿನವರೆಗೆ ಬಂದು ಮುಂದೆ ಹೋಗುತ್ತಾನೆ, ನಾಲ್ಕನೆಯ ಸಲ ಒಳಗೆ ಬರುತ್ತಾನೆ. ಅವನ ಹೊಸ ಟೋಪಿ ಕಂಡ ಅವ್ವನಿಗೆ ದುಡ್ಡಿನ ನೆನಪು! ಕಂಪನಿಗೆ ಯಾವ ಹೊಣೆಯೂ ಇಲ್ಲ, ಆದರೂ ಮಗನ ಸೇವೆ ನೋಡಿ ಇಷ್ಟು ಕೊಡುತ್ತೇವೆ ಎಂದು ಅವನು ಬಾಯಿಪಾಠ ಒಪ್ಪಿಸುತ್ತಾನೆ. ನನ್ನ ಮಟ್ಟಿಗೆ ಕಥೆಯ ಅತಿ ಭಯಂಕರ ಜಾಗ ಇದು, ಕೊನೆಯ ಬಾಗಿಲಲ್ಲ. ಹಟ್ಟಿಯ ಚಿನ್ನದ ಗಣಿ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ, ರಾಯಚೂರಿನ ಜಿನ್ನಿಂಗ್ ಮಿಲ್ಲುಗಳಿರುವ ಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗ ಪಾಳಿ ಮುಗಿಸಿ ಬರುವವರೆಗೆ ಬಾಗಿಲ ಕಡೆ ನೋಡುವ ಮನೆಗಳು ಇಲ್ಲಿ ಬೇಕಾದಷ್ಟಿವೆ.

ನಮ್ಮ ಅಲಂಕಾರಶಾಸ್ತ್ರದ ಒಂದು ಭೇದವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಭರತ ಭಯಾನಕವನ್ನೂ ಬೀಭತ್ಸವನ್ನೂ ಬೇರೆ ಬೇರೆ ರಸವಾಗಿ ಹೇಳಿದ. ಮೊದಲನೆಯದಕ್ಕೆ ಭಯ ಸ್ಥಾಯಿ, ಎರಡನೆಯದಕ್ಕೆ ಜುಗುಪ್ಸೆ. ಈಗಿನ ಹಾರರ್ ಸಿನಿಮಾಗಳು ರಕ್ತ ಚೆಲ್ಲಿ ಎರಡನ್ನೂ ಕಲಸಿಬಿಡುತ್ತವೆ. ಜೇಕಬ್ಸ್ ಜುಗುಪ್ಸೆಯನ್ನು ಹೊಸಲಿನಾಚೆ ನಿಲ್ಲಿಸುತ್ತಾರೆ. ಮಗನ ಹೆಣ ನಮಗೆ ಕಾಣುವುದಿಲ್ಲ. ಬಟ್ಟೆಯಿಂದ ಮಾತ್ರ ಗುರುತು ಹಿಡಿದೆ ಎಂದು ಅಪ್ಪ ಹೇಳುವುದಷ್ಟೇ. ಮೂರನೆಯ ಕೋರಿಕೆಯ ಮಾತು ಬರೆದಿಲ್ಲ. ಆ ಸೈನಿಕ ತಾನು ಕೇಳಿದ ಮೂರು ಏನೆಂದು ಬಾಯಿಬಿಡುವುದಿಲ್ಲ. ಬಾಗಿಲು ತೆರೆದಾಗ ಖಾಲಿ ರಸ್ತೆ. ಓದುವಾಗ ಹೇಳದೆ ಬಿಟ್ಟ ಇಂಥ ಜಾಗಗಳಲ್ಲಿ ತುಸು ನಿಲ್ಲಿ. ಬಡಿದದ್ದು ಮಗನೇ ಎಂದೂ ಕಥೆ ಎಲ್ಲೂ ಹೇಳಿಲ್ಲ. ಇನ್ನೂರು ಪೌಂಡ್ ಬಂದದ್ದು ಕಾಕತಾಳೀಯ, ಬಾಗಿಲ ಸದ್ದಿಗೆ ಬೇರೇನೋ ಕಾರಣ ಎಂದು ವಾದಿಸಲು ದಾರಿ ಇದ್ದೇ ಇದೆ. ವಾದಿಸಿ ನೋಡಿ, ಭಯ ಕಡಿಮೆಯಾಗುವುದಿಲ್ಲ.

ಒಂದು ತಕರಾರು. ಮಾಯ ಮಂತ್ರ ಬೇಕಾದಾಗಲೆಲ್ಲ ಭಾರತದ ಕಡೆ ಕೈ ತೋರಿಸುವುದು ಆ ಕಾಲದ ಇಂಗ್ಲಿಷ್ ಲೇಖಕರ ಅಗ್ಗದ ಚಾಳಿ. ಜೇಕಬ್ಸ್ ಕೂಡ ಅದಕ್ಕೆ ಹೊರತಲ್ಲ. ಆದರೆ ಮನುಷ್ಯರನ್ನು ಆಳುವುದು ವಿಧಿ, ಅದಕ್ಕೆ ಅಡ್ಡ ಬಂದವರಿಗೆ ದುಃಖ ತಪ್ಪದು ಎಂದು ತೋರಿಸಬೇಕಿದ್ದ ಆ ಫಕೀರ ನಮಗೆ ಪರಕೀಯನೂ ಅಲ್ಲ. ತಿಂಥಣಿ ಸೇತುವೆ ದಾಟಿದರೆ ಸುರಪುರ. ಅಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬಾಲರಾಜ ವೆಂಕಟಪ್ಪನಾಯಕನ ಜಾತಕದ ಸಂಗತಿ ಬರೆದಿದ್ದಾನೆ: ಇಪ್ಪತ್ನಾಲ್ಕನೆಯ ವರ್ಷದಲ್ಲಿ ರಾಜ್ಯವೂ ಹೋಗುತ್ತದೆ, ಪ್ರಾಣವೂ ಹೋಗುತ್ತದೆ ಎಂದು. ಟೇಲರ್ ನಂಬಲಿಲ್ಲ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೋತ ರಾಜ, ಸೆರೆಯಾಳಾಗಿ ಹೋಗುವ ದಾರಿಯಲ್ಲಿ ಗುಂಡೇಟಿನಿಂದ ಸತ್ತ. 1877ರಲ್ಲಿ ಅಚ್ಚಾದ ಆ ಪುಸ್ತಕದ ಪುಟಗಳನ್ನು ಮಂಗನ ಪಂಜದ ಜೊತೆಗಿಟ್ಟು ಓದಿ. ದೆವ್ವವಿಲ್ಲದ ಚರಿತ್ರೆಯೂ ಹೇಗೆ ನಡುಗಿಸುತ್ತದೆ ಎಂದು ಗೊತ್ತಾಗುತ್ತದೆ. ಕನ್ನಡದಲ್ಲೇ ಹಿಂದಕ್ಕೆ ಹೋಗುವುದಾದರೆ ಜನ್ನನ 'ಯಶೋಧರ ಚರಿತೆ'ಯ ಚಂಡಮಾರಿ ಗುಡಿ ಇದೆ. ಬಲಿಗೆಂದು ಇಬ್ಬರು ಮಕ್ಕಳನ್ನು ಅಲ್ಲಿಗೆ ಕರೆತರುತ್ತಾರೆ. 1209ರ ಕಾವ್ಯ, ಒಟ್ರಾಂಟೊಗಿಂತ ಐದೂವರೆ ಶತಮಾನ ಹಿರಿದು.

ಕಥೆಯನ್ನು ಒಬ್ಬರೇ ಮೊಬೈಲಿನಲ್ಲಿ ಓದಬೇಡಿ. ಊಟವಾದ ಮೇಲೆ ಮನೆಮಂದಿ ಕೂತಾಗ ಒಬ್ಬರು ಗಟ್ಟಿಯಾಗಿ ಓದಲಿ. ಮೂರು ಭಾಗಗಳಿವೆ, ಎರಡನೆಯದು ಮುಗಿದ ಮೇಲೆ ಸ್ವಲ್ಪ ಹೊತ್ತು ಬಿಡಿ. ಆರಂಭದಲ್ಲಿ ಅಪ್ಪ ಮಗ ಚದುರಂಗ ಆಡುತ್ತಿರುತ್ತಾರೆ, ಅಪ್ಪ ತನ್ನ ರಾಜನನ್ನು ವಿನಾಕಾರಣ ಅಪಾಯಕ್ಕೆ ಒಡ್ಡುತ್ತಾನೆ. ಆ ಸಾಲುಗಳನ್ನು ಅವಸರಿಸಬೇಡಿ. 1903ರಲ್ಲೇ ಲೂಯಿ ಎನ್. ಪಾರ್ಕರ್ ಇದನ್ನು ಏಕಾಂಕವಾಗಿಸಿದ್ದರು. ಒಂದು ಕೋಣೆ, ಒಂದು ಬಾಗಿಲು, ಐವರು ಪಾತ್ರಧಾರಿಗಳಿದ್ದರೆ ಸಾಕು. ದೇವದುರ್ಗದ ಯಾವ ಕಾಲೇಜಿನ ಮಕ್ಕಳೂ ಆಡಬಹುದು. ಜೇಕಬ್ಸ್ ತೀರಿಕೊಂಡದ್ದು 1943ರಲ್ಲಿ, ಹಾಗಾಗಿ ಭಾರತದಲ್ಲಿ ಈ ಕಥೆಗೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಯಾರಾದರೂ ಇದನ್ನು ನಮ್ಮ ರಾಯಚೂರ ಕಡೆಯ ಮಾತಿಗೆ ತನ್ನಿ.