ಸೆಟ್ಟು ಬೇಡ, ಬಿಡಿ ಸಂಪುಟ ಸಾಕು

ಯಾವ ಬೈಬಲ್ ವ್ಯಾಖ್ಯಾನ ಕೊಳ್ಳಬೇಕು ಎಂದು ಕೇಳುವ ಸಭಾಪಾಲಕರೂ ಸಂಡೇ ಸ್ಕೂಲ್ ಶಿಕ್ಷಕರೂ ಸಾಮಾನ್ಯವಾಗಿ ಒಂದು ಸೆಟ್ಟಿನ ಹೆಸರು ಬಯಸಿರುತ್ತಾರೆ. ಸೆಟ್ಟು ಕಪಾಟಿಗೆ ಚೆಂದ, ಒಪ್ಪುತ್ತೇನೆ. ಒಂದೇ ಬಣ್ಣ, ಒಂದೇ ಎತ್ತರ, ಬಂದವರು ನಿಂತು ನೋಡುತ್ತಾರೆ. ಆದರೆ ಒಂದೇ ಮಾಲೆಯಲ್ಲಿ ಒಂದು ಸಂಪುಟ ಜೀವಮಾನದ ದುಡಿಮೆಯಾಗಿದ್ದರೆ ಪಕ್ಕದ್ದು ಪ್ರಕಾಶಕರ ಗಡುವಿಗೆ ಬರೆದುಕೊಟ್ಟಿದ್ದಾಗಿರುತ್ತದೆ. ಹಾಗಾಗಿ ಸುವಾರ್ತೆಗೊಂದು, ಪತ್ರಕ್ಕೊಂದು ಎಂದು ಬಿಡಿಬಿಡಿಯಾಗಿ ಆರಿಸಿಕೊಳ್ಳಿ ಎನ್ನುವುದು ನನ್ನ ಹಟ.

ಆರಿಸುವುದು ಹೇಗೆ? ಕಷ್ಟದ ಜಾಗ ತೆರೆದು ನೋಡಿ. ಸುಲಭದ ವಚನಕ್ಕೆ ಎಲ್ಲರೂ ಚೆನ್ನಾಗಿಯೇ ಬರೆಯುತ್ತಾರೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಕ್ಕೆ ವ್ಯಾಖ್ಯಾನ ಸಿಕ್ಕಿದರೆ ನಾನು ಪ್ರೀತಿಯ ಅಧ್ಯಾಯವಾದ 13ಕ್ಕೆ ಹೋಗುವುದಿಲ್ಲ, 8ರಿಂದ 10ಕ್ಕೆ ಹೋಗುತ್ತೇನೆ. ವಿಗ್ರಹಕ್ಕೆ ಎಡೆ ಮಾಡಿದ್ದನ್ನು ವಿಶ್ವಾಸಿ ತಿನ್ನಬಹುದೇ ಎಂಬ ಚರ್ಚೆ ಇರುವುದು ಅಲ್ಲಿ. ಯುರೋಪಿನ ಓದುಗನಿಗೆ ಇದು ಪುರಾತನ ಕಾಲದ ಸಂಗತಿ. ನಮ್ಮಲ್ಲಿ ಹಾಗಲ್ಲ. ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ಕೈಗಿಡುವ ಸಿಹಿ, ಪಕ್ಕದ ಮನೆಯ ಸತ್ಯನಾರಾಯಣ ಪೂಜೆಯ ಸಜ್ಜಿಗೆ, ಮಾರಮ್ಮನ ಜಾತ್ರೆಯಲ್ಲಿ ಹರಕೆಯ ಕುರಿ ಕಡಿದು ನೆಂಟರನ್ನು ಕರೆಯುವ ಬಾಡೂಟ, ಇವೆಲ್ಲ ಪ್ರತಿವರ್ಷ ಎದುರಾಗುತ್ತವೆ. ಕೊರಿಂಥದ ಮಾಂಸಕ್ಕೆ ತೀರ ಹತ್ತಿರದ್ದು ಈ ಹರಕೆಯ ಕುರಿಯೇ.

ಪೌಲ ಇಲ್ಲಿ ಅತ್ತಿತ್ತ ತೂಗಾಡುವಂತೆ ಕಾಣುತ್ತಾನೆ. 8ನೇ ಅಧ್ಯಾಯದಲ್ಲಿ ವಿಗ್ರಹಕ್ಕೆ ಅಸ್ತಿತ್ವವೇ ಇಲ್ಲವೆಂದು ಒಪ್ಪಿ, ಆದರೂ ಬಲಹೀನ ಸಹೋದರನ ಸಲುವಾಗಿ ಬಿಟ್ಟುಬಿಡಿ ಎನ್ನುತ್ತಾನೆ. 10ರ ನಡುವಿಗೆ ಬಂದರೆ ಕರ್ತನ ಪಂಕ್ತಿಯಲ್ಲೂ ದೆವ್ವಗಳ ಪಂಕ್ತಿಯಲ್ಲೂ ಕೂರಲಾಗದೆಂದು ಕಡ್ಡಿ ಮುರಿದಂತೆ ಹೇಳುತ್ತಾನೆ. ನಾಲ್ಕು ವಚನ ದಾಟುವಷ್ಟರಲ್ಲಿ, ಕಟುಕರ ಅಂಗಡಿಯಲ್ಲಿ ಮಾರುವುದನ್ನು ವಿಚಾರಿಸದೆ ತಿನ್ನಿ ಎನ್ನುತ್ತಾನೆ. ಈ ಮೂರನ್ನೂ ಒಟ್ಟಿಗೆ ಹಿಡಿದು ನಿಲ್ಲಿಸಲು ಹೆಣಗದ ವ್ಯಾಖ್ಯಾನಕಾರನನ್ನು ಅಲ್ಲೇ ಬಿಡಬಹುದು.

ಗಾರ್ಡನ್ ಫೀ ಹೆಣಗುತ್ತಾರೆ. ‘ನ್ಯೂ ಇಂಟರ್‌ನ್ಯಾಷನಲ್ ಕಾಮೆಂಟರಿ’ ಮಾಲೆಯಲ್ಲಿ 1987ರಲ್ಲಿ ಬಂದ ಅವರ ಸಂಪುಟ (2014ರಲ್ಲಿ ಪರಿಷ್ಕರಣೆಯಾಯಿತು) ಹಳೆಯ ಓದನ್ನು ಬದಿಗೆ ಸರಿಸಿತು. 8ನೇ ಅಧ್ಯಾಯ ಮಾರುಕಟ್ಟೆಯ ಮಾಂಸದ ಪ್ರಶ್ನೆ ಎಂದು ಬಹುಕಾಲ ಓದುತ್ತಿದ್ದರು. ಫೀ ಪ್ರಕಾರ ಅಲ್ಲಿಂದ 10:22ರವರೆಗಿನ ಮುಖ್ಯ ಪ್ರಶ್ನೆ ಗುಡಿಯ ಆವರಣದಲ್ಲೇ ಕೂತು ಉಣ್ಣುವುದು. ಮಾರುಕಟ್ಟೆ ಮತ್ತು ನೆರೆಯವನ ಮನೆಯೂಟ ಬರುವುದು ಅದರ ನಂತರ. ಕೊರಿಂಥದ ಅಸ್ಕ್ಲೀಪಿಯಸ್ ದೇಗುಲದ ಉತ್ಖನನದಲ್ಲಿ ಊಟದ ಕೋಣೆಗಳು ಸಿಕ್ಕಿವೆ, ಗೋಡೆಯ ಸುತ್ತ ಒರಗಿ ಉಣ್ಣುವ ಆಸನಗಳ ಸಮೇತ. ಇದನ್ನು ತಲೆಯಲ್ಲಿಟ್ಟುಕೊಂಡರೆ ಪೌಲನ ಮಾತುಗಳು ಬೇರೆ ಬೇರೆ ಜಾಗಕ್ಕೆ ಸೇರುತ್ತವೆ. ಜಾತ್ರೆಯ ಬಯಲಿನ ಪಂಕ್ತಿ ಬೇರೆ, ಅಂಗಡಿಯ ಮಾಂಸ ಬೇರೆ, ಗೆಳೆಯನ ಮನೆಯ ತಟ್ಟೆ ಬೇರೆ ಎಂದು ಸಭೆಗೆ ಬಿಡಿಸಿ ಹೇಳಲು ದಾರಿಯಾಗುತ್ತದೆ. ಆಯುಧಪೂಜೆಯ ಸಿಹಿ ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆ? ಅದನ್ನು ಫೀ ಹೇಳಲಾರರು. ಅದು ಪ್ರಸಂಗಿಯ ಕೆಲಸ.

ಇದೇ ಮಾಲೆಯ ಇದೇ ಪತ್ರಕ್ಕೆ 1953ರಲ್ಲಿ ಗ್ರೋಶೈಡ ಬರೆದ ಸಂಪುಟವಿತ್ತು. ಫೀ ಬಂದದ್ದು ಅದರ ಜಾಗಕ್ಕೆ. ಹಳೇ ಪುಸ್ತಕದಂಗಡಿಯಲ್ಲಿ ಮಾಲೆಯ ಹೆಸರು ನೋಡಿ ಕೊಂಡವರ ಕೈಗೆ ಯಾವುದು ಬರುತ್ತದೋ ಹೇಳಲಾಗದು. ಬೆನ್ನಿನ ಮೇಲೆ ಲೇಖಕನ ಹೆಸರು ಓದಿ.

ಫೀ ಪೆಂಟೆಕೋಸ್ಟಲ್ ಬೋಧಕರಾಗಿದ್ದರು. ಆದರೂ 14:34–35ರ, ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕೆನ್ನುವ ಸಾಲುಗಳು ಪೌಲನವಲ್ಲ, ಆಮೇಲೆ ಸೇರಿದವು ಎಂದು ವಾದಿಸುತ್ತಾರೆ. ಅಲ್ಲಿ ನನಗೆ ಒಪ್ಪಿಗೆಯಿಲ್ಲ, ಆ ಸಾಲುಗಳಿಲ್ಲದ ಹಸ್ತಪ್ರತಿ ಸಿಕ್ಕಿಲ್ಲವಲ್ಲ. ಆದರೆ ಎದುರು ವಾದ ಎಷ್ಟು ಗಟ್ಟಿ ಎಂದು ಅವರೇ ತೋರಿಸಿ ಮುಂದೆ ಹೋಗುತ್ತಾರೆ. ನಾನು ದುಡ್ಡು ಕೊಡುವುದು ಅಂಥ ಪ್ರಾಮಾಣಿಕತೆಗೆ.

ವಾರದ ನಡುವೆ ಸಮಯ ಕಡಿಮೆ ಇರುವ ಶಿಕ್ಷಕರಿಗೆ ಫೀ ಭಾರವಾದೀತು. ಅವರಿಗೆ ರಿಚರ್ಡ್ ಹೇಸ್ ಸಾಕು. 1997ರ ಅವರ ಪುಸ್ತಕ ಬಂದದ್ದು ಬೋಧನೆ ಮತ್ತು ಪ್ರಸಂಗಕ್ಕೆಂದೇ ಮಾಡಿದ ‘ಇಂಟರ್‌ಪ್ರಿಟೇಶನ್’ ಮಾಲೆಯಲ್ಲಿ. ವಚನ ವಚನಕ್ಕೆ ನಿಲ್ಲದೆ ಇಡೀ ಭಾಗವನ್ನು ಒಟ್ಟಿಗೆ ಹಿಡಿಯುತ್ತಾರೆ, ಆಮೇಲೆ ಪ್ರಸಂಗಿಗಳಿಗೆಂದು ಒಂದಿಷ್ಟು ಯೋಚನೆ ಸೇರಿಸುತ್ತಾರೆ. ಆಂಥನಿ ಥಿಸಲ್ಟನ್ ಅವರದು (2000) 1,400ಕ್ಕೂ ಹೆಚ್ಚು ಪುಟ, ಗ್ರೀಕ್ ಬಲ್ಲವರಿಗೆ. ಅದನ್ನು ಕೊಳ್ಳುವ ಬದಲು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂಥ, ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಂಥ ಕಡೆ ಲೈಬ್ರರಿಯಲ್ಲಿ ಕೂತು ಓದಲು ಸಾಧ್ಯವೇ ಎಂದು ವಿಚಾರಿಸಿ.

ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಮ್ಯಾಥ್ಯೂ ಹೆನ್ರಿ ಸಾಲದೇ ಎನ್ನುವವರಿದ್ದಾರೆ. ಆದಿಕಾಂಡಕ್ಕೆ, ಕೀರ್ತನೆಗಳಿಗೆ ಹೆನ್ರಿ ಇವತ್ತಿಗೂ ರುಚಿ; ಪ್ರತಿಯೊಬ್ಬ ಬೋಧಕನೂ ಒಮ್ಮೆಯಾದರೂ ಅವರನ್ನು ಪೂರ್ತಿ ಓದಬೇಕೆಂದು ಸ್ಪರ್ಜನ್ ತಮ್ಮ ಶಿಷ್ಯರಿಗೆ ಹೇಳಿದ್ದು ಸುಮ್ಮನಲ್ಲ. ಆದರೆ ಹೆನ್ರಿ 1714ರಲ್ಲಿ ತೀರಿಕೊಂಡಾಗ ಕೆಲಸ ಅಪೊಸ್ತಲರ ಕೃತ್ಯಗಳವರೆಗೆ ಮಾತ್ರ ಮುಗಿದಿತ್ತು. ರೋಮಾಪುರದವರಿಗೆ ಬರೆದ ಪತ್ರದಿಂದ ಪ್ರಕಟನೆಯ ತನಕ ಬರೆದವರು ಅವರ ಸಹಬೋಧಕರು. ಕೊರಿಂಥ ಪತ್ರದ ಮೇಲೆ ‘ಮ್ಯಾಥ್ಯೂ ಹೆನ್ರಿ ಹೇಳುತ್ತಾರೆ’ ಎಂದು ಪುಲ್ಪಿಟ್ಟಿನಿಂದ ಕೇಳಿಬಂದಾಗ ನನಗೆ ನಗು ತಡೆಯುವುದು ಕಷ್ಟ.

ಪುಕ್ಕಟೆಯೇ ಬೇಕೆಂದರೆ ಕ್ರಿಸೊಸ್ತೊಮ್ ಇದ್ದಾರೆ. ನಾಲ್ಕನೆಯ ಶತಮಾನದ ಕೊನೆಗೆ ಅಂತಿಯೋಕ್ಯದಲ್ಲಿ ಈ ಪತ್ರದ ಮೇಲೆ ಕೊಟ್ಟ 44 ಪ್ರಸಂಗಗಳು ಇಂಗ್ಲಿಷಿನಲ್ಲಿ ಸಿಗುತ್ತವೆ. ಮೊದಲು ವಾಕ್ಯ ಬಿಡಿಸಿ, ಆಮೇಲೆ ಊರಿನ ಧನಿಕರ ಕಡೆ ತಿರುಗುವ ಅವರ ಪರಿ ಪ್ರಸಂಗಿಗಳು ನೋಡಿ ಕಲಿಯಬೇಕಾದ್ದು.

ವಿಲಿಯಂ ಬಾರ್ಕ್ಲೆ ನಮ್ಮ ಹಿರಿಯ ಅಯ್ಯನವರ ಕಪಾಟುಗಳಲ್ಲಿ ಇದ್ದೇ ಇರುತ್ತಾರೆ. ಅಂದಿನ ಜನಜೀವನದ ವಿವರಕ್ಕೆ ಅವರಷ್ಟು ಸಲೀಸಾಗಿ ಬರೆದವರು ಕಡಿಮೆ. ಐದು ಸಾವಿರ ಜನ ತಮ್ಮ ಬುತ್ತಿಯನ್ನೇ ಹಂಚಿಕೊಂಡಿರಬಹುದು ಎಂಬಂಥ ವಿವರಣೆಗಳೂ ಅವರಲ್ಲಿವೆ, ಗೊತ್ತಿದ್ದು ಓದಿ.

ಒಂದೇ ಪುಸ್ತಕಕ್ಕಷ್ಟೇ ದುಡ್ಡಿದೆ ಎನ್ನುವವರಿಗೆ ಮಾತ್ರ ನನ್ನ ಹಟ ಸಡಿಲಿಸುತ್ತೇನೆ. ಬ್ರಯನ್ ವಿಂಟಲ್ ಪ್ರಧಾನ ಸಂಪಾದಕರಾಗಿ 2015ರಲ್ಲಿ ಬಂದ ‘ಸೌತ್ ಏಷ್ಯಾ ಬೈಬಲ್ ಕಾಮೆಂಟರಿ’ ಇಡೀ ಬೈಬಲಿಗೆ ಒಂದೇ ಸಂಪುಟ, ಬರೆದವರು ಈ ಕಡೆಯವರು. ಅರವತ್ತಾರು ಪುಸ್ತಕ ಒಂದರಲ್ಲಿ ಹಿಡಿಸಬೇಕಾದ್ದರಿಂದ ವಚನಕ್ಕೆ ಸಿಗುವ ಜಾಗ ಕಿರಿದು. ಆದರೆ ನೆರೆಮನೆಯ ಪೂಜೆ ಇಲ್ಲಿ ಅಡಿಟಿಪ್ಪಣಿಯ ವಿಷಯವಲ್ಲ.

ಮಿಕ್ಕ ಪುಸ್ತಕಗಳಿಗೂ ಇಂಥ ಕಷ್ಟದ ಜಾಗ ನೀವೇ ಗುರುತುಮಾಡಿಕೊಳ್ಳಬಹುದು. ರೋಮಾಪುರದವರಿಗೆ ಬರೆದದ್ದರಲ್ಲಿ ನನ್ನದು 9ನೇ ಅಧ್ಯಾಯ. ಕೀರ್ತನೆಗಳಲ್ಲಿ 137ರ ಕೊನೆಯ ವಚನ, ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವ ಮಾತು. ಕೂಸುಗಳೆಂದರೆ ನಮ್ಮೊಳಗಿನ ಪಾಪದ ಯೋಚನೆಗಳು ಎಂದು ಎರಡು ಸಾಲಿನಲ್ಲಿ ಮುಗಿಸಿ ಮುಂದೆ ಸಾಗಿದ್ದರೆ ಪುಸ್ತಕವನ್ನು ಅಂಗಡಿಯವನಿಗೆ ವಾಪಸ್ ಕೊಡಿ.