ಸಭೆಗೆ ಬಾರದವರ ಪಾಠ

ದೀಪಾವಳಿ ರಜೆಯಲ್ಲಿ ಚಿಕ್ಕೇರೂರಿನ ಮನೆಗೆ ಬಂದಿದ್ದಾಗ ಅಧ್ಯಯನಕ್ಕಾಗಿ ಒಂದು ತರಬೇತಿ ಚಿತ್ರ ನೋಡುತ್ತಿದ್ದೆ. ಹೆಸರು ‘ಮೀಟಿಂಗ್ಸ್, ಬ್ಲಡಿ ಮೀಟಿಂಗ್ಸ್’. ಕಚೇರಿಯ ಮುಖ್ಯಸ್ಥರಿಗೆ ಸಭೆ ನಡೆಸುವುದನ್ನು ಕಲಿಸಲು ಬ್ರಿಟನ್ನಿನ ವಿಡಿಯೋ ಆರ್ಟ್ಸ್ ಸಂಸ್ಥೆ 1976ರಲ್ಲಿ ತಯಾರಿಸಿದ ಕಿರುಚಿತ್ರವದು. ಜಾನ್ ಕ್ಲೀಸ್ ನಟಿಸಿರುವ ಮ್ಯಾನೇಜರ್ ಕನಸಿನಲ್ಲಿ ನ್ಯಾಯಾಲಯದ ಕಟಕಟೆ ಹತ್ತುತ್ತಾನೆ. ಅವನ ಮೇಲಿನ ಆರೋಪ, ಸಭೆಗಳನ್ನು ಕೆಟ್ಟದಾಗಿ ನಡೆಸಿದ್ದು. ವಿಚಾರಣೆ ಮುಗಿಯುವಷ್ಟರಲ್ಲಿ ಅವನಿಗೂ ನಮಗೂ ಪಾಠವಾಗಿರುತ್ತದೆ: ಮೊದಲೇ ತಯಾರಾಗು, ವಿಷಯ ತಿಳಿಸು, ಚರ್ಚೆಯನ್ನು ಹತೋಟಿಯಲ್ಲಿಡು, ತೀರ್ಮಾನ ಬರೆದಿಡು.

ಈ ಚಿತ್ರದ ದೊಡ್ಡ ಗುಣ ಅದರ ನಗು. ಮೇಲಧಿಕಾರಿ ತನ್ನ ತಪ್ಪನ್ನು ಇನ್ನೊಬ್ಬನಲ್ಲಿ ಕಂಡು ನಗುತ್ತಾನೆ, ನಗುತ್ತಲೇ ಒಪ್ಪಿಕೊಳ್ಳುತ್ತಾನೆ. ಉಪದೇಶದಿಂದ ಆಗದ ಕೆಲಸವಿದು.

ಪಕ್ಕದಲ್ಲಿ ಕೂತು ನೋಡುತ್ತಿದ್ದ ಅವ್ವನಿಗೆ ಈ ಪಾಠಗಳನ್ನು ಕನ್ನಡದಲ್ಲಿ ಹೇಳಿದೆ. ಆಕೆ ಸ್ವಸಹಾಯ ಸಂಘದ ಸಭೆಗಳನ್ನು ವರ್ಷಗಟ್ಟಲೆ ಕಂಡವಳು. “ಅದೆಲ್ಲಾ ಖರೇ. ಆದ್ರ ದೊಡ್ಡೋರು ಎದುರಿಗೆ ಕುಂತಿದ್ರ ನಮಗ ಬಾಯೇ ಬರಂಗಿಲ್ಲಲ್ಲ, ಅದಕ್ಕೇನು ಹೇಳ್ಯಾರ?” ಎಂದಳು.

ಚಿತ್ರ ಅದಕ್ಕೆ ಏನೂ ಹೇಳುವುದಿಲ್ಲ. ಬರಬೇಕಾದವರೆಲ್ಲ ಸಭೆಗೆ ಬಂದಿದ್ದಾರೆ, ಬಂದವರೆಲ್ಲ ಮಾತಾಡಬಲ್ಲರು ಎಂದು ಅದು ನಂಬಿದೆ. ಅದರ ದೃಷ್ಟಿಯಲ್ಲಿ ನಾಯಕತ್ವವೆಂದರೆ ಕೌಶಲ. ಅಧಿಕಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಅದೇ 1976ರ ‘ಮಂಥನ’ ನೆನಪಾಯಿತು. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿದ್ದರಿಂದ ಆದ ಶ್ಯಾಮ್ ಬೆನೆಗಲ್ ಚಿತ್ರ. ಅತ್ಯುತ್ತಮ ಹಿಂದಿ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಇದು ಕಿರುಚಿತ್ರವಲ್ಲ, ಆದರೆ ತರಬೇತಿ ಚಿತ್ರವಾಗಿಯೂ ದುಡಿಯಿತು: ಸಹಕಾರ ಸಂಘ ಕಟ್ಟಲು ಹೊರಟ ತಂಡಗಳು ಇದರ ಪ್ರಿಂಟುಗಳನ್ನು ಹಳ್ಳಿಹಳ್ಳಿಗೆ ಒಯ್ದು ತೋರಿಸಿದವು.

ನಮ್ಮ ಗಿರೀಶ ಕಾರ್ನಾಡರು ನಟಿಸಿದ ಡಾ. ರಾವ್ ತಯಾರಿಯಿಲ್ಲದೆ ಬಂದವನಲ್ಲ. ಆದರೆ ಸಂಘದ ಚುನಾವಣೆಯಲ್ಲಿ ದಲಿತ ಅಭ್ಯರ್ಥಿಯ ಎದುರು ಸರಪಂಚ ಸೋತ ಮೇಲೆ ಊರೇ ತಿರುಗಿ ಬೀಳುತ್ತದೆ. ರಾವ್‌ಗೆ ವರ್ಗವಾಗುತ್ತದೆ. ಸಂಘವನ್ನು ಮತ್ತೆ ಎತ್ತಿ ನಿಲ್ಲಿಸುವ ಹೊಣೆ ಊರಿನವನೇ ಆದ ಭೋಲನದು. ನಾಯಕ ಹೋದ ಮೇಲೂ ಕೆಲಸ ಉಳಿಯಬೇಕೆಂಬ ಪಾಠ ಇಲ್ಲಿದೆ. ಸೋಲನ್ನು ಮುಚ್ಚಿಡದ ತರಬೇತಿ ಇದು.

ಹಾಗೆಂದು ‘ಮಂಥನ’ವೂ ಅವ್ವನ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವುದಿಲ್ಲ. ಸ್ಮಿತಾ ಪಾಟೀಲ್ ನಟಿಸಿದ ಬಿಂದು ಊರಿನ ಹೆಂಗಸರಲ್ಲೇ ದಿಟ್ಟೆ. ಆದರೂ ಅವಳ ಹೆಬ್ಬೆಟ್ಟು ರಾವ್ ವಿರುದ್ಧದ ಸುಳ್ಳು ಆರೋಪಕ್ಕೆ ಬಳಕೆಯಾಗುತ್ತದೆ; ಮುಂದಾಳುತನ ಭೋಲನ ಪಾಲಾಗುತ್ತದೆ. ಹಾಲು ಕರೆಯುವವಳು ಅಧ್ಯಕ್ಷರ ಕುರ್ಚಿಯಲ್ಲಿ ಕೂರುವ ದೃಶ್ಯವನ್ನು ಅದೂ ಊಹಿಸಿಕೊಳ್ಳಲಿಲ್ಲ.

ತರಬೇತಿ ಚಿತ್ರಗಳನ್ನು ಅವು ಎಷ್ಟು ಚೆನ್ನಾಗಿ ಕಲಿಸುತ್ತವೆ ಎಂದು ಅಳೆಯುವುದು ವಾಡಿಕೆ. ಯಾರನ್ನು ನಾಯಕರೆಂದುಕೊಂಡು ಕಲಿಸುತ್ತವೆ ಎಂದು ಕೇಳುವುದು ವಿಮರ್ಶೆಯ ಕೆಲಸ. ಆ ಪ್ರಶ್ನೆಯನ್ನು ನನಗಿಂತ ಮೊದಲು ಕೇಳಿದವಳು ಅವ್ವ.