ಕೊಂಡ್ಲಹಳ್ಳಿಯ ಮಾಳಿಗೆ, ಕ್ಯಾರೆಟ್ ಬಿಲ್ಲೆ

ಯುಗಾದಿ ಕಳೆದ ಮೇಲೆ ಕೊಂಡ್ಲಹಳ್ಳಿಯಲ್ಲಿ ಒದ್ದೆ ಪಂಚೆಯನ್ನು ಹೊರಗೆ ಹರವಿದರೆ, ಊಟ ಮುಗಿಸಿ ಬರುವಷ್ಟರಲ್ಲಿ ಗರಿಗರಿ. ನಮ್ಮ ಮೊಳಕಾಲ್ಮೂರು, ಪಕ್ಕದ ಚಳ್ಳಕೆರೆ ಎರಡೂ ರಾಜ್ಯದಲ್ಲಿ ಮಳೆ ತೀರಾ ಕಡಿಮೆ ಬೀಳುವ ತಾಲ್ಲೂಕುಗಳು. ಬೆಳೆ ಇಡುವವರಿಗೆ ಈ ಒಣಹವೆ ಸಂಕಟ. ತರಕಾರಿ ಒಣಗಿಸುವ ನನ್ನಂಥವರಿಗೆ ದುಡ್ಡು ಕೊಟ್ಟರೂ ಸಿಗದ ಸರಕು.

ಹೋದ ವರ್ಷ ಅವಸರಪಟ್ಟು ಕ್ಯಾರೆಟ್ ಬಿಲ್ಲೆಗಳನ್ನು ಬಿಸಿಗಾಳಿ ಡ್ರೈಯರ್‌ಗೆ ಹಾಕಿ 80 ಡಿಗ್ರಿ ಇಟ್ಟೆ. ಹೊರಗೆ ಚರ್ಮದಂತೆ ಬಿಗಿದವು, ಡಬ್ಬಿಗೆ ತುಂಬಿದ ಎರಡೇ ವಾರಕ್ಕೆ ಬೂಸಲು. ದೊಡ್ಡಮ್ಮ ಒಂದನ್ನು ಮುರಿದು ನೋಡಿ, "ಮೇಲೆ ಬಿಗ್ದು ಬಿಟ್ಟೈತಲ್ಲಪ್ಪ, ಒಳಗಿನ ನೀರು ಎಲ್ಲಿಂದ ಹೋಗ್ಬೇಕು?" ಅಂದರು.

ವಿಷಯವೆಲ್ಲ ಆ ಪ್ರಶ್ನೆಯಲ್ಲೇ ಇದೆ. ಕ್ಯಾರೆಟ್ಟಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರು. ಮೈಮೇಲಿನ ತೇವವನ್ನು ಗಾಳಿ ಬೇಗ ಒಯ್ಯುತ್ತದೆ. ಒಳಗಿನದು ನಿಧಾನಕ್ಕೆ ಜಿನುಗಿ ಮೇಲೆ ಬರಬೇಕು. ಬಿಲ್ಲೆ ಎರಡರಷ್ಟು ದಪ್ಪವಾದರೆ ಈ ಹೊತ್ತು ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಹಾಗಾಗಿ ಮೂರು ಮಿಲಿಮೀಟರಿಗಿಂತ ದಪ್ಪ ಹೆಚ್ಚಲು ನಾನು ಒಪ್ಪುವುದಿಲ್ಲ. ಇನ್ನೊಂದು ಸಂಗತಿ: ನೀರು ಆರುತ್ತಿರುವಷ್ಟು ಹೊತ್ತು ಬಿಲ್ಲೆ ಮಣ್ಣಿನ ಗಡಿಗೆಯ ಹಾಗೆ ತಂಪಾಗಿಯೇ ಇರುತ್ತದೆ. ತೇವ ತಗ್ಗಿದಂತೆ ಗಾಳಿಯ ಬಿಸಿಯೆಲ್ಲ ಅದರ ಮೈಗೆ ಏರುತ್ತದೆ. ಬಣ್ಣ ಕಂದುವುದು, ಸೀದ ವಾಸನೆ ಬರುವುದು ಆ ಕೊನೆಯ ತಾಸುಗಳಲ್ಲಿ. ಈಗ ನಾನು 60ರಲ್ಲಿ ಶುರುಮಾಡಿ ಕೊನೆಗೆ 55ಕ್ಕೆ ಇಳಿಸುತ್ತೇನೆ.

ಒಣಗಿಸುವ ಮೊದಲು ಕುದಿಯುವ ನೀರಿನಲ್ಲಿ ಮೂರು ನಿಮಿಷ ಅದ್ದಿ ತೆಗೆಯಲೇಬೇಕು. ಇಲ್ಲದಿದ್ದರೆ ತರಕಾರಿಯೊಳಗಿನ ಕಿಣ್ವಗಳು ಡಬ್ಬಿಯಲ್ಲೂ ಕೆಲಸ ಮಾಡುತ್ತಲೇ ಇದ್ದು, ತಿಂಗಳೊಳಗೆ ಒಣಹುಲ್ಲಿನ ವಾಸನೆ ಬರುತ್ತದೆ. ಬೀಟ್‌ರೂಟನ್ನು ಹೀಗೆ ಹೆಚ್ಚಿ ಅದ್ದಿದರೆ ಬಣ್ಣವೆಲ್ಲ ನೀರಿನ ಪಾಲು; ಸಿಪ್ಪೆಸಮೇತ ಇಡಿಯಾಗಿ ಬೇಯಿಸಿ, ಆಮೇಲೆ ಹೆಚ್ಚಬೇಕು. ಗೆಣಸು ಹಿಟ್ಟಿನ ಗೆಡ್ಡೆ, ಕೈ ಕೊಡುವುದು ಕಡಿಮೆ. ಮೂಲಂಗಿಯಲ್ಲಿ ನೂರಕ್ಕೆ 95 ಪಾಲು ನೀರೇ. 20 ಕಿಲೋ ಒಣಗಿಸಿದರೆ ಒಂದು ಕಿಲೋ ಉಳಿದೀತು, ಖಾರವೂ ಹಾರಿಹೋಗಿರುತ್ತದೆ. ಅದನ್ನು ಹಸಿಯಾಗಿಯೇ ತಿನ್ನೋಣ.

ಡ್ರೈಯರ್ ಇಲ್ಲದವರು ಮಾಳಿಗೆಯ ಮೇಲೆ ಹರವಬಹುದು, ಆದರೆ ಸಂಡಿಗೆಯಂತೆ ಬಿರುಬಿಸಿಲಿಗಲ್ಲ. ಕ್ಯಾರೆಟ್ಟಿನ ಕೇಸರಿ ಬಣ್ಣ ಕ್ಯಾರೋಟಿನ್‌ನದು. ಬೆಳಕು, ಗಾಳಿ ಎರಡೂ ಅದನ್ನು ತಿನ್ನುತ್ತವೆ. ಮೇಲೆ ತೆಳ್ಳನೆಯ ಬಟ್ಟೆಯ ನೆರಳಿರಲಿ, ಅಡಿಯಲ್ಲಿ ಗಾಳಿಯಾಡಲು ಜಾಲರಿ ಇರಲಿ. ಒಣಗಿದ್ದನ್ನು ಬೆಳಕು ಬೀಳದ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ.

ಗುಣ ನೋಡಲು ಒಂದು ಹಿಡಿಯನ್ನು ಬೆಚ್ಚಗಿನ ನೀರಿನಲ್ಲಿ ಅರ್ಧ ತಾಸು ನೆನೆಸಿ. ಸರಿಯಾಗಿ ಒಣಗಿದ ಬಿಲ್ಲೆ ನೀರು ಕುಡಿದು ಮೈತುಂಬಿಕೊಳ್ಳುತ್ತದೆ. ಸುಟ್ಟದ್ದು ಮುದುಡಿಕೊಂಡೇ ಇರುತ್ತದೆ. ಆಮೇಲೆ ಚಳ್ಳಕೆರೆ ಗಾಣದ ಶೇಂಗಾ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ ಬಿಲ್ಲೆಗಳನ್ನು ಹಾಕಿ. ಕ್ಯಾರೋಟಿನ್ ಎಣ್ಣೆಯಲ್ಲಿ ಕರಗುವ ವಸ್ತು. ಬಾಣಲೆಯ ಅಂಚಿನಲ್ಲಿ ಎಣ್ಣೆ ಕೇಸರಿಗೆ ತಿರುಗಿತೇ ನೋಡಿ.